ಗಲ್ಲಾಪೆಟ್ಟಿಗೆಯಲ್ಲಿ ಎಎಸ್‌ಎಂಟಿ-10

(ತಾಂಡೂರಿನ ಬೇಳೆ ವ್ಯಾಪಾರಿಯೊಬ್ಬರ ಗಲ್ಲಾಪೆಟ್ಟಿಗೆಯಲ್ಲಿ, ಖಿರ್ದಿ ಪುಸ್ತಕದ ಅಡಿಯಲ್ಲಿ ಮಲಗಿದ್ದ ತೆರಿಗೆ ಇಲಾಖೆಯ ವಿಚಾರಣಾ ಪತ್ರವನ್ನು ಎಬ್ಬಿಸಿ ಮಾತನಾಡಿಸಿದ್ದು. ಪತ್ರದ ನೆತ್ತಿಯ ಮೇಲೆ ಕುಂಕುಮವಿತ್ತು. ಸಾವ್ಕಾರರು ಅದನ್ನು ಭದ್ರೇಶ್ವರನ ಗುಡಿಗೂ ಒಯ್ದು ತಂದಿದ್ದಾರೆ.)

ತಮ್ಮ ಹೆಸರು?

ಎಎಸ್‌ಎಂಟಿ-10. ಜಿಎಸ್‌ಟಿ ಕಾಯ್ದೆಯ 61ನೇ ಕಲಮಿನ ಮನೆತನ, 99ನೇ ನಿಯಮದ ಕವಲು. ಈ ಕುಂಕುಮ ನನ್ನ ನಮೂನೆಯಲ್ಲಿ ಇರಲಿಲ್ಲ.

ತಾವು ಬಂದಾಗಿನಿಂದ ಸಾವ್ಕಾರರಿಗೆ ಊಟ ಸೇರುತ್ತಿಲ್ಲವಂತೆ. ಏನು ಮಾಡಿದಿರಿ?

ಒಂದು ಪ್ರಶ್ನೆ ಕೇಳಿದೆ. ಜಿಎಸ್‌ಟಿಆರ್-1 ವಿವರಪಟ್ಟಿಯಲ್ಲಿ ಇವರು ಬರೆದ ಮಾರಾಟಕ್ಕೂ ಜಿಎಸ್‌ಟಿಆರ್-3ಬಿಯಲ್ಲಿ ಕಟ್ಟಿದ ತೆರಿಗೆಗೂ ತಾಳೆ ಬೀಳುತ್ತಿಲ್ಲ, ಯಾಕೆ ಅಂತ. ವಸೂಲಿ ನನ್ನ ಕೆಲಸವಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಡಿಆರ್‌ಸಿ-01 ಅಂತ ದೊಡ್ಡವರು ಬೇರೆ ಇದ್ದಾರೆ. ನನಗೆ ಉತ್ತರ ಸಿಗದಿದ್ದರೆ, ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ ಅವರು ಎದ್ದು ಬರುತ್ತಾರೆ.

ಅಷ್ಟೇ ಆಗಿದ್ದರೆ ಸ್ವಲ್ಪ ಮೆತ್ತಗೆ ಕೇಳಬಹುದಿತ್ತಲ್ಲ?

ನನ್ನೊಳಗೆ ತುಂಬಿಸಲು ಬಿಟ್ಟ ಜಾಗ ನಾಲ್ಕಾರು. ಉಳಿದದ್ದೆಲ್ಲ ಮೊದಲೇ ಅಚ್ಚಾದ ಗದರಿಕೆ. ಮೇಲಾಗಿ ಇವರು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಆಡುವವರು. ನಾನು ಬಂದದ್ದು ಇಂಗ್ಲಿಷಿನಲ್ಲಿ. ಗದರಿಕೆ ಮಾತ್ರ ಅರ್ಥವಾಗಿದೆ, ಪ್ರಶ್ನೆ ಆಗಿಲ್ಲ.

ಬಂದು ಎಷ್ಟು ದಿನವಾಯಿತು?

ಉತ್ತರಕ್ಕೆ ಹೆಚ್ಚೆಂದರೆ 30 ದಿನ ಕೊಡುತ್ತಾರೆ. ಅದರಲ್ಲಿ ಬಹುಪಾಲು ಪೋರ್ಟಲ್ಲಿನ ಒಂದು ಹಿಂದಿನ ಓಣಿಯಲ್ಲಿ ಕೂತು ಕಳೆದೆ. 'ಹೆಚ್ಚುವರಿ ನೋಟಿಸು ಮತ್ತು ಆದೇಶಗಳು' ಅಂತ ಅದರ ಹೆಸರು. ಅಲ್ಲಿ ಹಾಕಿಟ್ಟರೂ ಕೈಗೆ ಕೊಟ್ಟ ಲೆಕ್ಕವೇ, 169ನೇ ಕಲಮು ಹಾಗನ್ನುತ್ತದೆ. ನೋಟಿಸು ಆ ಮೂಲೆಯಲ್ಲಿತ್ತು, ಕಾಣಲೇ ಇಲ್ಲ ಅಂತ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದ ವ್ಯಾಪಾರಿಗಳು ಒಬ್ಬಿಬ್ಬರಲ್ಲ. ನನ್ನ ಬಗ್ಗೆ ಒಂದು ಇಮೇಲೂ ಹೋಗಿತ್ತು. ಹೋದದ್ದು ಹಳೆಯ ಮುನೀಮರ ವಿಳಾಸಕ್ಕೆ. ಅವರು ಜಗಳಾಡಿ ಹೈದರಾಬಾದಿಗೆ ಹೋಗಿದ್ದಾರಂತಲ್ಲ?

ಅದು ಮನೆಯ ಮಾತು, ಬಿಡಿ. ಈ ಸೀಮೆ ತಮಗೆ ಹೊಸದೇ?

ಸೀಮೆ ತಿಳಿಯದು, ಸಂಖ್ಯೆ ತಿಳಿಯುತ್ತದೆ. ಇವರ ಜಿಎಸ್‌ಟಿ ನಂಬರು ಶುರುವಾಗುವುದು 36ರಿಂದ, ಅಂದರೆ ತೆಲಂಗಾಣ. 1956ರ ನವೆಂಬರ್ 1ಕ್ಕೆ ಮುಂಚೆ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದು, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ಹಾಗೇ ಉಳಿದಿದ್ದರೆ ಇವರ ನಂಬರು ಕರ್ನಾಟಕದ 29ರಿಂದ ಶುರುವಾಗುತ್ತಿತ್ತು. ಕರ್ನಾಟಕದಲ್ಲಿ 2019ರ ಏಪ್ರಿಲಿನಿಂದ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟುವ ತನಕ ನೋಂದಣಿ ಬೇಡ. ತೆಲಂಗಾಣ 20 ಲಕ್ಷಕ್ಕೇ ನಿಂತಿತು. ಬೀದರಿನ ಮಾವ, ಜಹೀರಾಬಾದಿನ ಅಳಿಯ ಸರಿಸಮ ಕಿರಾಣಿ ವ್ಯಾಪಾರ ಮಾಡಿದರೂ ನನ್ನ ಕೈಗೆ ಸಿಗುವವ ಅಳಿಯ.

ಮಾವನೂ ನೆಮ್ಮದಿಯಾಗಿರಲಿಲ್ಲ. 2025ರ ಜುಲೈಯಲ್ಲಿ ಕರ್ನಾಟಕದ ಅಂಗಡಿಗಳವರು ಫೋನ್‌ಪೇ ಸ್ಕ್ಯಾನರ್ ಕಿತ್ತು ಒಳಗಿಟ್ಟರು.

ಅದು ನಮ್ಮ ದಾಯಾದಿಗಳ ಕೆಲಸ. ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಹೋದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕೇಳಿದರು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ! ಆದರೆ ಫೋನಿಗೆ ಬಂದ ದುಡ್ಡು ಬದನೆಕಾಯಿಯದೋ ಬಿಸ್ಕತ್ತಿನದೋ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಮಾರುವವನೇ ಹೇಳಬೇಕು.

ನಾರಾಯಣಖೇಡದ ಕಡೆ ಹೋಗುವುದುಂಟೇ?

ಹತ್ತಿ ಕೊಳ್ಳುವವರಲ್ಲಿಗೆ. ನೋಂದಾಯಿತ ವ್ಯಾಪಾರಿ ರೈತನಿಂದ ಕಚ್ಚಾ ಹತ್ತಿ ಕೊಂಡರೆ 2017ರ ನವೆಂಬರ್ 15ರಿಂದ ತೆರಿಗೆ ಕಟ್ಟುವವ ಕೊಂಡವನೇ. ಕಟ್ಟಿ, ಆಮೇಲೆ ಅದನ್ನೇ ಜಮಾ ಹಿಡಿಯಬೇಕು. ಎಡಗೈಯಿಂದ ಬಲಗೈಗೆ. ಆದರೂ ಕಟ್ಟಲೇ ಇಲ್ಲವೆಂದರೆ ನಾನು ಹೊರಟೆ.

ಸರಿ, ಈ ಬೇಳೆಯ ಕತೆ ಹೇಳಿ.

ಇದು ಸೊಗಸಾಗಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಬೇಳೆ, ಅಕ್ಕಿ ಚೀಲಕ್ಕೆ ಶೇ 5 ತೆರಿಗೆ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. ಕೂಡಲೇ ಅಕ್ಕಿಯವರು 26 ಕಿಲೋ ಚೀಲ ಹೊಲಿದರು. ಆ ಹೆಚ್ಚಿನ ಒಂದು ಕಿಲೋದಷ್ಟು ಕಾನೂನು ಬಲ್ಲ ಧಾನ್ಯ ನಾನು ಕಂಡಿಲ್ಲ. ಅದೇ ವರ್ಷ ತಾಂಡೂರು ತೊಗರಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಹೆಸರು ಬಂತಲ್ಲ ಅಂತ ಇವರು ಹಿಗ್ಗಿ ಸಣ್ಣ ಚೀಲಕ್ಕೆ ಲೇಬಲ್ ಅಂಟಿಸಿದರು. ಹೆಸರಿನ ಹಿಂದೆಯೇ ಶೇ 5 ಬಂತು. ಅದನ್ನು ಕಟ್ಟಿಯೂ ಇದ್ದಾರೆ. ಒಂದು ತಿಂಗಳು ಒಂದಷ್ಟು ಚೀಲ ವಾಪಸು ಬಂದವು. 3ಬಿಯಲ್ಲಿ ಅದನ್ನು ಕಳೆದರು, ಜಿಎಸ್‌ಟಿಆರ್-1ರಲ್ಲಿ ಕ್ರೆಡಿಟ್ ನೋಟು ತೋರಿಸುವುದು ಬಿಟ್ಟುಹೋಯಿತು. ವ್ಯತ್ಯಾಸ ಅಂದರೆ ಇಷ್ಟೇ.

ಹಾಗಾದರೆ ಉತ್ತರ ಸುಲಭ!

ಸುಲಭವೇ. ಸಾವ್ಕಾರರು ಬರೆದದ್ದನ್ನು ಕೇಳಿ: 'ಮಹಾಸ್ವಾಮಿಗಳೇ, ಅಜ್ಜನ ಕಾಲದಿಂದ ನಾವು ಸತ್ಯಕ್ಕೆ ನಡೆದವರು. ತಿಳಿಯದೆ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಬಡವನನ್ನು ಕಾಪಾಡಬೇಕು.' ನನಗೆ ಹೊಟ್ಟೆಯಿಲ್ಲ ಸ್ವಾಮಿ, ಕಾಲಮುಗಳಿವೆ. ಕೂಡಿಸಿ ಕಳೆದು ಹೇಳಿ ಅಂದರೆ ಕಾಲಿಗೆ ಬೀಳುತ್ತಾರೆ. ತೆರಿಗೆ ತಪ್ಪಿಸದ ಮನುಷ್ಯ ಎರಡನೇ ಸಾಲಿಗೇ ತಪ್ಪೊಪ್ಪಿಗೆ ಬರೆದುಕೊಟ್ಟರೆ ಅಧಿಕಾರಿ ಏನು ಮಾಡಬೇಕು? ಒಪ್ಪಿಕೊಂಡಿದ್ದಾನೆ ಅಂತ ಬರೆದುಕೊಳ್ಳುತ್ತಾನೆ.

ಸಾವ್ಕಾರರು (ನಡುವೆ ಬಾಯಿ ಹಾಕಿ): ಸರ್ಕಾರಕ್ಕ ಬರಿಯಾಕ ಹತ್ತಿದ್ರ ಕೈ ಮುಗೀಲಾರ್ದ ಹ್ಯಾಂಗ್ರಿ? ನಿಜಾಮನ ಕಾಲ್ದಿಂದ ಹಿಂಗ ಬರ್ಕೋತ ಬಂದೀವಿ.

ನಿಜಾಮರಿಗೆ ಕ್ರೆಡಿಟ್ ನೋಟು ಬೇಕಿರಲಿಲ್ಲ.

ಮತ್ತೆ ಏನು ಕೊಡಬೇಕು?

ಎಎಸ್‌ಎಂಟಿ-11. ಅದರಲ್ಲಿ ತಿಂಗಳುವಾರು ಒಂದು ಪಟ್ಟಿ, ಬಿಟ್ಟುಹೋದ ಕ್ರೆಡಿಟ್ ನೋಟು, ಚೀಲ ವಾಪಸು ಬಂದದ್ದಕ್ಕೆ ಲಾರಿ ರಸೀದಿ. ಅಜ್ಜನ ವಿಷಯ ಬೇಡ. ದಿನ ಸಾಲದಿದ್ದರೆ ಇನ್ನಷ್ಟು ಕೊಡಿ ಅಂತ ಮೊದಲೇ ಕೇಳಿಕೊಳ್ಳಬಹುದು. ಲೆಕ್ಕ ಒಪ್ಪಿಗೆಯಾದರೆ ಎಎಸ್‌ಎಂಟಿ-12 ಬರುತ್ತದೆ, ಅಲ್ಲಿಗೆ ನನಗೆ ಮುಕ್ತಿ. ನಾನೂ ಅದಕ್ಕೇ ಕಾಯುತ್ತಿದ್ದೇನೆ. ಈ ಗಲ್ಲಾದಲ್ಲಿ ಬೇಳೆಯ ಧೂಳು ವಿಪರೀತ.

(ಅಷ್ಟರಲ್ಲಿ ಸಾವ್ಕಾರರ ಬಿ.ಕಾಂ. ಓದುವ ಮಗಳು ಪಟ್ಟಿ ತಯಾರಿಸಿ ಕಂಪ್ಯೂಟರಿಗೆ ಏರಿಸಿದ್ದಳು.)

ಮಗಳು: ಅಪ್ಪಾ, ಎಲ್ಲಾ ಆಯ್ತು. ಓಟಿಪಿ ಬಂದದೇನ್ ನೋಡ್ರಿ.

ಸಾವ್ಕಾರರು: ಎಲ್ಲಿಂದ ಬರ್ತದವ್ವಾ, ಅಲ್ಲಿ ಕೊಟ್ಟಿದ್ದು ಮುನೀಮಂದು ನಂಬರ್.

ಪತ್ರ: ಓಟಿಪಿಗೆ ಹತ್ತು ನಿಮಿಷದ ಆಯಸ್ಸು. ಬೇಗ.

ಸಾವ್ಕಾರರು (ಫೋನಿನಲ್ಲಿ): ಹಲೋ... ಹೌದ್ರಿ, ನಾನೇ. ಛೇ ಛೇ, ಸಿಟ್ಟು ಎಲ್ಲೀದ್ರಿ. ಈಗ ನಿಮ್ಮ ಫೋನಿಗೆ ಆರು ಅಂಕಿ ಬಂದಾವ, ಅಷ್ಟು ಓದಿ ಹೇಳ್ರಿ... ಏನಂದ್ರಿ? ಹೋದ ವರ್ಷದ ಪಗಾರ ಬಾಕಿ? ಪೂರಾನಾ?... ಬಡ್ಡೀನೂ ಕೂಡಿಸಿ?