ಒಂದು ಸಣ್ಣ ಸಲಹೆ

ಗೃಹಪ್ರವೇಶದ ಊಟ ಮುಗಿದು, ಜಮಖಾನೆ ಹಾಸಿ, ರಮ್ಮಿಗೆಂದು ಇಸ್ಪೀಟು ಕಟ್ಟು ಹೊರಬಂದರೆ ಸಾಕು, ‘ಅದಕ್ಕೆ ಮುಂಚೆ ಒಂದು ಮ್ಯಾಜಿಕ್’ ಎಂದು ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ. ಅವನೆದುರು ರಾಯರು ಚಕ್ಕಳಮಕ್ಕಳ ಹಾಕಿಕೊಂಡು ಕೂತೇ ಇರುತ್ತಾರೆ. ಇಂಥ ರಾಯರಿಲ್ಲದ ಬಳಗವನ್ನು ನಾನಂತೂ ಕಂಡಿಲ್ಲ.

‘ಒಂದು ಎಲೆ ತಗೊಳ್ಳಿ ದೊಡ್ಡಪ್ಪ.’

ರಾಯರು ಅಡಿಕೆಯನ್ನು ಒಂದು ದವಡೆಗೆ ಸರಿಸಿ, ಹುಡುಗ ಚಾಚಿದ ಕಡೆ ಬಿಟ್ಟು ಕಟ್ಟಿನ ತಳದಿಂದ ಎಳೆಯುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ, ಮೂಲೆಯನ್ನು ಉಗುರಿನಲ್ಲಿ ಕೆರೆಯುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಖೋಟಾ ನೋಟು ಹಿಡಿದು ಪಳಗಿದ ಕೈ. ಆಮೇಲೆ ಹೆಂಡತಿಗೂ ತೋರಿಸಿ ಹಿಂದಿರುಗಿಸುತ್ತಾರೆ. ಹುಡುಗ ಅದನ್ನು ಕಟ್ಟಿನ ನಡುವೆ ತೂರಿಸಿ ಚಿಟಿಕೆ ಹೊಡೆದರೆ ಆಟೀನು ರಾಣಿ ಮೇಲೆ ಬಂದು ಕೂತಿರುತ್ತಾಳೆ. ಚಪ್ಪಾಳೆ.

ರಾಯರು ಚಪ್ಪಾಳೆ ನಿಲ್ಲುವವರೆಗೆ ಕಾಯುತ್ತಾರೆ. ‘ತುಂಬಾ ಚೆನ್ನಾಗಿತ್ತು ಕಣಪ್ಪಾ...’ ಅನುಭವವಿದ್ದವರು ಇಲ್ಲಿಗೇ ಎದ್ದು ಹೋಗುತ್ತಾರೆ. ‘ತಪ್ಪು ತಿಳ್ಕೋಬೇಡ, ರಚನಾತ್ಮಕವಾಗಿ ಹೇಳ್ತೀನಿ. ತುಂಬುತೋಳಿನ ಶರ್ಟು ಬೇಡ, ಅನುಮಾನ ಬರುತ್ತೆ. ಅರ್ಧ ತೋಳು ಹಾಕಿದ್ರೆ ಗತ್ತು ಇರಲ್ಲ, ನೋಡ್ಕೋ. ರಾಣಿ ಬದಲು ಎಕ್ಕ ಬಂದಿದ್ರೆ ಇನ್ನೂ ಎಫೆಕ್ಟ್ ಇರ್ತಿತ್ತು.’ ರಾಣಿಯನ್ನು ಎಳೆದವರು ತಾವೇ ಎಂಬುದು ಅವರಿಗೆ ಆಗ ನೆನಪಿರುವುದಿಲ್ಲ. ‘ಮತ್ತೆ ತಲೆ ಎತ್ತಿ ಮಾಡು. ಹಿಂಗೆ ಬಗ್ಗಿದ್ರೆ ಈ ವಯಸ್ಸಿಗೇ ಗೂನು ಬರುತ್ತೆ.’

ಈ ಕೊನೆಯದು ಲಕ್ಷ ರೂಪಾಯಿಯ ಸಲಹೆ. ಕೊಟ್ಟವರಿಗೇ ಗೊತ್ತಿಲ್ಲ, ಅಷ್ಟೆ. ಜಾದೂಗಾರ ಎತ್ತ ನೋಡುತ್ತಾನೋ ನೋಡುವವರೂ ಅತ್ತಲೇ ನೋಡುತ್ತಾರೆ. ಎರಡು ಎಲೆಗಳನ್ನು ಒಂದೇ ಎಂಬಂತೆ ತಿರುಗಿಸುವ ಗಳಿಗೆಯಲ್ಲಿ ಹುಡುಗ ತನ್ನ ಹೆಬ್ಬೆರಳನ್ನೇ ದಿಟ್ಟಿಸಿದರೆ, ಗುಟ್ಟು ಇಲ್ಲಿದೆ ಎಂದು ಡಂಗುರ ಹೊಡೆದ ಹಾಗೆ. ಎದುರಿನವರ ಮುಖ ನೋಡಿ ಏನಾದರೂ ಕೇಳಿದರೆ ಅವರೂ ಕೈ ಬಿಟ್ಟು ಮುಖ ನೋಡುತ್ತಾರೆ. ಕನ್ನಡಿಯಲ್ಲಿ ಕೈಯನ್ನೇ ನೋಡಿಕೊಂಡು ಕಲಿತವನಿಗೆ ಇದು ಹೊಳೆಯುವುದು ತಡ.

‘ಎಲ್ಲಿ, ಇನ್ನೊಂದ್ಸಲ ಮಾಡು.’

ಒಂದೇ ಆಟವನ್ನು ಒಬ್ಬರಿಗೇ ಮತ್ತೆ ತೋರಿಸಬಾರದೆಂಬುದು ಈ ವಿದ್ಯೆಯ ಹಳೇ ಪಾಠ. ಆದರೆ ಮೂರು ಸಲ ನೋಡಿದರೆ ಯಾರ ಗುಟ್ಟನ್ನಾದರೂ ಬಿಡಿಸುತ್ತೇನೆ ಎನ್ನುತ್ತಿದ್ದ ಜಾದೂಗಾರ ಹೂಡಿನಿಗೆ 1922ರಲ್ಲಿ, ಶಿಕಾಗೋದಲ್ಲಿ, ಡಾಯ್ ವೆರ್ನನ್ ಎಂಬ ಇನ್ನೊಬ್ಬ ಜಾದೂಗಾರ ಇದೇ ಬಗೆಯ ಆಟವನ್ನು ಮತ್ತೆ ಮತ್ತೆ ತೋರಿಸಿದ. ಹೂಡಿನಿ ಸಹಿ ಹಾಕಿದ ಎಲೆ ಪ್ರತಿ ಸಲವೂ ಮೇಲೆ ಬಂತು. ಸೋತಿರಿ, ಒಪ್ಪಿಕೊಳ್ಳಿ ಎಂದು ಕೊನೆಗೆ ಅವನ ಹೆಂಡತಿಯೇ ಹೇಳಬೇಕಾಯಿತಂತೆ.

ನಮ್ಮ ಹುಡುಗ ಈ ಸಲ ತಲೆ ಎತ್ತುತ್ತಾನೆ. ‘ದೊಡ್ಡಪ್ಪ, ಮಂಡಿನೋವು ಹೆಂಗಿದೆ?’

ರಾಯರ ಮುಖ ಅರಳುತ್ತದೆ. ಎಡಮಂಡಿಯಿಂದ ಶುರುವಾಗಿ, ಆಯುರ್ವೇದದ ಎಣ್ಣೆಗೆ ಬಂದು, ಮೆಟ್ಟಿಲು ಹತ್ತುವ ಕಷ್ಟಕ್ಕೆ ಕಾಲಿಡುವಷ್ಟರಲ್ಲಿ ಅವರ ಕಳಾವರ್ ಒಂಬತ್ತು ಮೇಲೆ ಕೂತಿದೆ.

‘ನನ್ನ ಎಲೆ ಅದಲ್ಲ.’

‘ಅದೇ ರೀ,’ ಎನ್ನುತ್ತಾರೆ ಹೆಂಡತಿ, ‘ನಂಗೂ ತೋರಿಸಿದ್ರಲ್ಲ.’

ರಾಯರು ಒಮ್ಮೆ ಕೆಮ್ಮಿ, ಹುಡುಗನ ಹೆಗಲ ಮೇಲೆ ಕೈಹಾಕಿ ಜಗುಲಿಗೆ ಕರೆದೊಯ್ಯುತ್ತಾರೆ. ‘ಸುಧಾರಿಸಿದೀಯ. ಈಗ ಹೆಂಗೆ ಮಾಡ್ದೆ ಅಂತ ನಂಗೊಬ್ಬನಿಗೆ ಹೇಳು. ಗೊತ್ತಾದ್ರೆ ತಾನೇ ಸರಿಯಾಗಿ ಸಲಹೆ ಕೊಡಕ್ಕಾಗೋದು?’