ಗುಂಡಾಚಾರ್ಯರು

ನಮ್ಮ ಕಡೆ ಗುಂಡಾಚಾರ್ಯ ಎಂಬುದು ಅಂಕಿತನಾಮ. ಆ ಹೆಸರಿನ ವೃದ್ಧರು ಹಿಂದೆ ಅಗ್ರಹಾರಕ್ಕೊಬ್ಬರಾದರೂ ಇರುತ್ತಿದ್ದರು, ಮತ್ತು ಅವರಿಗೂ ಕೋವಿಯ ಗುಂಡಿಗೂ ಬಾದರಾಯಣ ಸಂಬಂಧ ಕೂಡ ಇರುತ್ತಿರಲಿಲ್ಲ. ಅಮೆರಿಕದ ಟೆಕ್ಸಸ್ ಸೀಮೆಯಲ್ಲಿ ಅದೇ ಹೆಸರು ಅನ್ವರ್ಥನಾಮವಾಗಿ ಸಲ್ಲತಕ್ಕ ಒಂದು ಪಂಗಡವೇ ಇರುವುದನ್ನು, ಮಗಳ ಮನೆಯಲ್ಲಿ ಆರು ತಿಂಗಳು ನಿಂತಿದ್ದ ನಾನು ಕಣ್ಣಾರೆ ಕಂಡೆನು. ನಾನು ಬಲ್ಲ ಗುಂಡಾಚಾರ್ಯರು ಆಕೆಯ ನೆರೆಮನೆಯವರು. ಅರುವತ್ತು ದಾಟಿದ, ಉದ್ಯೋಗದಿಂದ ನಿವೃತ್ತರಾದ, ಸೌಮ್ಯ ಮುಖದ ಗೃಹಸ್ಥರು. ಕಾರಿಗೆಂದು ಕಟ್ಟಿಸಿದ ಗ್ಯಾರೇಜಿನಿಂದ ಕಾರನ್ನೇ ಬಿಸಿಲಿಗೆ ಅಟ್ಟಿ, ಆ ನೆರಳಿನಲ್ಲಿ ಕುಳಿತು, ಕಾಡುಹಂದಿಯನ್ನು ರಿವಾಲ್ವರಿನಿಂದ ಹೊಡೆಯುವುದಕ್ಕೆ ಬೇಕಾದ ತೋಟಾಗಳನ್ನು ಸ್ವಹಸ್ತದಿಂದ ನಿರ್ಮಿಸುವುದೇ ಅವರು ಸ್ವೀಕರಿಸಿದ ವಾನಪ್ರಸ್ಥ.

ಹಂದಿಗೆ ಅಲ್ಲಿ ಬರವಿಲ್ಲ. 1539ರಲ್ಲಿ ಫ್ಲಾರಿಡಾದ ದಡಕ್ಕಿಳಿದ ಸ್ಪೇನಿನ ಹರ್ನಾಂಡೋ ಡಿ ಸೋಟೋ ತನ್ನ ದಂಡಿನ ಆಹಾರಕ್ಕೆಂದು ಹಂದಿಗಳನ್ನೂ ತಂದಿದ್ದನು. ಅವನು ಮೂರು ವರ್ಷದಲ್ಲಿ ತೀರಿಕೊಂಡನು, ಹಂದಿಗಳು ತೀರಲಿಲ್ಲ. ಆ ಬಗೆಯಾಗಿ ಬಂದು ತಪ್ಪಿಸಿಕೊಂಡವೂ, ರೈತರು ಮೇಯಬಿಟ್ಟು ಮರೆತವೂ, ಧನಿಕರು ಬೇಟೆಯ ವಿನೋದಕ್ಕೆಂದು ಯೂರೋಪಿನಿಂದ ತರಿಸಿದವೂ ಒಂದರೊಡನೊಂದು ಬೆರೆತು, ಜೋಳದ ಹೊಲವನ್ನು ಒಂದೇ ಇರುಳಿನಲ್ಲಿ ಉತ್ತು ಬಿಡತಕ್ಕ ಸಂತತಿಯಾಗಿ ಬೆಳೆದಿವೆ. ಸರ್ಕಾರವೂ ಬೇಸತ್ತಿದೆ. ಹಣ ತೆತ್ತು ಹೆಲಿಕಾಪ್ಟರಿನಲ್ಲಿ ಕುಳಿತು ಅವನ್ನು ಹೊಡೆಯುವುದಕ್ಕೆ 2011ರಲ್ಲಿ ಟೆಕ್ಸಸಿನ ಶಾಸನಸಭೆಯೇ ದಾರಿ ಮಾಡಿಕೊಟ್ಟಿತು. 2019ರಿಂದೀಚೆಗೆ ಖಾಸಗಿ ಭೂಮಿಯಲ್ಲಿ, ಒಡೆಯನು ಒಪ್ಪಿದರೆ, ಬೇಟೆಯ ಪರವಾನಗಿಯೂ ಬೇಡ. ಹೀಗೆ ಪುಷ್ಪಕವಿಮಾನವೇ ಬಾಗಿಲಿಗೆ ಬಂದಿರುವಾಗ ಐವತ್ತು ಗಜದೊಳಕ್ಕೆ ನುಸುಳಿ, ಒಂದು ಕೈಗೋವಿಯಿಂದ, ಅದರಲ್ಲಿಯೂ ತಾನೇ ಎರಕ ಹೊಯ್ದ ಗುಂಡಿನಿಂದ ಹೊಡೆಯುವೆನೆಂಬುದು, ರೈಲಿರುವಾಗ ಕಾಶಿಗೆ ನಡೆದೇ ಹೋಗುವೆನೆನ್ನುವವರ ಹಟದ ಜಾತಿಗೆ ಸೇರಿದುದು.

ಆಚಾರ್ಯರ ಮತದಲ್ಲಿ ಗುರುತ್ವವೇ ಮೋಕ್ಷಸಾಧನ. ಅವರ ರಿವಾಲ್ವರು ಹೆಸರಿಗೆ .44 ಮ್ಯಾಗ್ನಮ್, ಗುಂಡನ್ನು ಅಳೆದರೆ 0.429 ಅಂಗುಲ. ಈ ವ್ಯತ್ಯಾಸವೇಕೆಂದು ಯಾರೂ ಅವರನ್ನು ಊಟದ ಹೊತ್ತಿಗೆ ಕೇಳಬಾರದು. ಅಂಗಡಿಯಲ್ಲಿ ದೊರೆಯುವ 240 ಗ್ರೇನಿನ ಗುಂಡು ಅವರ ದೃಷ್ಟಿಯಲ್ಲಿ ಹೂವಿನ ಎಸಳು. ವಯಸ್ಸಾದ ಗಂಡುಹಂದಿಯ ಭುಜದ ಮೇಲೆ ಚರ್ಮದಡಿ ಗುರಾಣಿಯಂತೆ ದಪ್ಪನೆಯ ಗಡಸು ಪದರವೊಂದು ಬೆಳೆದಿರುವುದೆಂದೂ, ಅದನ್ನು ಭೇದಿಸಿ ಆಚೆಯ ಭುಜವನ್ನೂ ದಾಟಬೇಕಾದರೆ 300 ಗ್ರೇನ್ ಬೇಕೇ ಬೇಕೆಂದೂ ಅವರು ಅಡಿಗೆಮನೆಯ ಕುಂಬಳಕಾಯಿಯನ್ನು ಹಂದಿಯೆಂದು ಭಾವಿಸಿ ನನಗೆ ಬೋಧಿಸಿದರು. ನಮ್ಮ ಹಳೆಯ ತೊಲವೆಂದರೆ ಸರಿಯಾಗಿ 180 ಗ್ರೇನ್, ತೊಲಕ್ಕೆ 96 ಗುಂಜಿ, ಆದುದರಿಂದ ನಿಮ್ಮ ಗುಂಡು ತೂಗುವುದು 160 ಗುಂಜಿ ಎಂದು ನಾನು ಲೆಕ್ಕ ಹೇಳಿದೆ. ಅಲ್ಲಿಯವರೆಗೆ ನನ್ನನ್ನು ಬರಿಯ ನೆರೆಯವರ ಅತಿಥಿಯೆಂದು ಎಣಿಸಿದ್ದ ಆ ಮನುಷ್ಯ ಅಂದಿನಿಂದ ನನಗೆ ಕುರ್ಚಿ ಹಾಕತೊಡಗಿದರು.

ಕುರ್ಚಿಯಲ್ಲಿ ಕುಳಿತು ನಾನು ಕಂಡುದು ಅಕ್ಕಸಾಲೆಯನ್ನೇ. ಟೈರಿನ ಅಂಗಡಿಗಳನ್ನು ಕಾಡಿ ಬೇಡಿ ತಂದ, ಚಕ್ರದ ಸಮತೂಕಕ್ಕೆಂದು ಸಿಕ್ಕಿಸುವ ಹಳೆಯ ಸೀಸದ ತುಣುಕುಗಳು ಕುಲುಮೆಯಲ್ಲಿ ಕರಗುವುವು. ತುಸು ತವರ ಬೀಳುವುದು. ಕಶ್ಮಲ ಮೇಲೇಳಲೆಂದು ಹಾಕಿದ ಜೇನುಮೇಣದ ಹೊಗೆಗೆ ಹೆದರಿ ನೆರೆಹೊರೆಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುವುವು. ಅಚ್ಚಿನಿಂದ ಜಾರಿದ ಗುಂಡು ಗಡಸಾಗಲೆಂದು ತಣ್ಣೀರಿನ ಬಕೆಟ್ಟಿಗೆ ಬಿದ್ದು ಚುಯ್ಯೆಂದಾಗ ಆಚಾರ್ಯರ ಮುಖದಲ್ಲಿ ಮೂಡುವ ಪ್ರಸನ್ನತೆಯನ್ನು ನಾನು ಒಗ್ಗರಣೆಯ ಮುಂದೆ ನಿಂತ ಒಳ್ಳೆಯ ಅಡಿಗೆಭಟ್ಟರಲ್ಲಿ ಮಾತ್ರ ಕಂಡಿದ್ದೆ. ಗೋಡೆಯ ಮೇಲೆ ತಲೆಗಿಂತ ದೊಡ್ಡ ಟೋಪಿ ಧರಿಸಿದ ಎಲ್ಮರ್ ಕೀತನ ಪಟ. ಐಡಾಹೋ ಸೀಮೆಯ ದನಗಾಹಿಯೂ ಲೇಖಕನೂ ಆದ ಈ ಮಹಾಶಯನು (1899–1984) ರಿವಾಲ್ವರಿಗೆ ಭಾರವಾದ ಗುಂಡು ಬೇಕೆಂದು ದಶಕಗಳ ಕಾಲ ಬರೆದು ಬರೆದು, ಕಡೆಗೆ 1955ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳ ಕೈಯಿಂದ ಈ ಮ್ಯಾಗ್ನಮ್ಮನ್ನು ಹೊರಡಿಸಿದವನು. ಊದುಬತ್ತಿಯೊಂದು ಇಲ್ಲ, ಮದ್ದಿನ ಡಬ್ಬಗಳಿರುವ ಕೋಣೆಯಲ್ಲಿ ಅದು ಇಲ್ಲದಿರುವುದೇ ಲೇಸು.

ಮದ್ದು ತುಂಬುವ ಹೊತ್ತು ಸಂಪೂರ್ಣ ಮಡಿ. ಒಂದೇ ಕೋಶಕ್ಕೆ ಎರಡು ಸಲ ಮದ್ದು ಬಿದ್ದರೆ ಹಂದಿ ಉಳಿದು ರಿವಾಲ್ವರು ಸಿಡಿಯುವುದಾದುದರಿಂದ, ಐವತ್ತು ಹಿತ್ತಾಳೆಯ ಕೋಶಗಳನ್ನೂ ಸಾಲಾಗಿ ನಿಲ್ಲಿಸಿ, ಒಂದೊಂದರ ಬಾಯೊಳಕ್ಕೂ ಟಾರ್ಚು ಬಿಟ್ಟು, ದಂತವೈದ್ಯನಂತೆ ಇಣಿಕಿ ನೋಡುವರು. ನಲವತ್ತೆಂಟನೆಯದರ ಹೊತ್ತಿಗೆ ನಾನು ಲೋಕಾಭಿರಾಮವಾಗಿ “ಕಾಫಿ ಆಯಿತೆ?” ಎಂದುಬಿಟ್ಟೆ. ಆಚಾರ್ಯರು ಸಿಟ್ಟಾಗಲಿಲ್ಲ. ಅಷ್ಟೂ ಕೋಶಗಳ ಮದ್ದನ್ನು ಡಬ್ಬಕ್ಕೆ ಮರಳಿ ಸುರಿದು ಮೊದಲಿನಿಂದ ಪ್ರಾರಂಭಿಸಿದರು. ಕಡೆಯ ಸಂಸ್ಕಾರವೆಂದರೆ ಕೋಶದ ಬಾಯಿಯನ್ನು ಗುಂಡಿನ ಕೊರಳಿಗೆ, ಕರ್ಜಿಕಾಯಿಯ ಅಂಚು ಒತ್ತುವಂತೆ ಒತ್ತುವುದು. ಅದು ಸಡಿಲವಾದರೆ, ಒಂದು ಗುಂಡು ಹಾರಿದ ಧಕ್ಕೆಗೆ ಉಳಿದವು ಕೋಶದಿಂದ ಮುಂದಕ್ಕೆ ಜಾರಿ ರಿವಾಲ್ವರಿನ ಚಕ್ರವನ್ನೇ ಕಟ್ಟಿಹಾಕುವುವು.

ಇದೆಲ್ಲ ಮಿತವ್ಯಯಕ್ಕಾಗಿ ಎಂಬುದು ಅವರ ವಾದ. ತೋಟಾ ಒಂದಕ್ಕೆ ಇಷ್ಟು ಉಳಿಯಿತೆಂದು ಅವರು ವಹಿಯಲ್ಲಿ ಬರೆಯುತ್ತಾರೆ. ಒತ್ತುಯಂತ್ರ, ತಕ್ಕಡಿ, ಕುಲುಮೆ, ಏಳು ಬಗೆಯ ಅಚ್ಚುಗಳು ಆ ವಹಿಯಲ್ಲಿಲ್ಲ. ಉಳಿದ ಹಣವನ್ನು ತಾನಿನ್ನೂ ನೋಡಿಲ್ಲವೆಂದು ಅವರ ಪತ್ನಿ ನನ್ನ ಮಗಳೊಡನೆ ಹೇಳಿಕೊಂಡರಂತೆ.

ಸಂವತ್ಸರವೆಲ್ಲ ಗ್ಯಾರೇಜಿನಲ್ಲಿ ಕಳೆದು ಕಾಡಿಗೆ ಹೋಗುವುದು ಎರಡೇ ಸಂಜೆ. ಒಂದು ಸಂಜೆ ನನ್ನನ್ನೂ ಕರೆದೊಯ್ದರು. ಗೊತ್ತಾದ ಗಳಿಗೆಗೆ ತಾನೇ ತಿರುಗಿ ಮುಸುಕಿನ ಜೋಳ ಎರಚುವ ಯಂತ್ರವೊಂದನ್ನು ಹೊಲದೊಡೆಯನು ಹಳ್ಳದ ಬಳಿ ನಿಲ್ಲಿಸಿದ್ದನು. ಹಂದಿ, ತಿಂಗಳ ಮೊದಲಲ್ಲಿ ಖಜಾನೆಗೆ ಬರುವ ಪಿಂಚಣಿದಾರನಂತೆ, ಹೊತ್ತು ತಪ್ಪದೆ ಬಂದಿತು. ಸದ್ದಿನ ವಿಷಯ ನನ್ನ ಕಿವಿಗಳು ಮೂರು ದಿನದ ಮೇಲೆ ನನಗೆ ವರದಿ ಮಾಡಿದುವು. ಹಂದಿ ನಾಲ್ಕು ಹೆಜ್ಜೆ ನಡೆದು ಮಲಗಿತು. ಆಚಾರ್ಯರು ಅದರತ್ತ ಕಣ್ಣೆತ್ತಿಯೂ ನೋಡದೆ, ಅದನ್ನು ದಾಟಿ ಹಿಂದಣ ಜೇಡಿಯ ದಿಣ್ಣೆಗೆ ಹೋಗಿ, ಚೀಲದಿಂದ ಸಣ್ಣದೊಂದು ಗುದ್ದಲಿ ತೆಗೆದು ಅಗೆಯತೊಡಗಿದರು. ಚೂರಿಯನ್ನು ಮನೆಯಲ್ಲೇ ಮರೆತಿದ್ದರು, ಗುದ್ದಲಿಯನ್ನು ಮರೆತಿರಲಿಲ್ಲ. ಅರ್ಧ ಗಂಟೆಯ ತರುವಾಯ ಗುಂಡು ದೊರೆಯಿತು. ಹಂದಿ ಹೊಲದೊಡೆಯನ ಪಾಲಾಯಿತು.

ಮನೆಯಲ್ಲಿ ಅವರ ಪತ್ನಿ ಶೀತಪೆಟ್ಟಿಗೆಯನ್ನು ಬರಿದುಮಾಡಿ, ಐಸ್‌ಕ್ರೀಮನ್ನೆಲ್ಲ ನಮ್ಮ ಮೊಮ್ಮಕ್ಕಳಿಗೆ ಹಂಚಿ ಕಾದಿದ್ದರು. ಆಚಾರ್ಯರು ನೆಟ್ಟಗೆ ಗ್ಯಾರೇಜನ್ನು ಹೊಕ್ಕು, ಬಹಳ ಹೊತ್ತಿನ ಮೇಲೆ ಕಳೆಗುಂದಿದ ಮುಖದೊಡನೆ ಅಡಿಗೆಮನೆಗೆ ಬಂದರು.

“ಎಷ್ಟು ತೂಗಿತು?” ಎಂದು ಆಕೆ ಕೇಳಿದರು.

“ಇನ್ನೂರ ತೊಂಬತ್ತೇಳು. ಮೂರು ಸವೆದುಹೋಯಿತು.”

ಇನ್ನೂರ ತೊಂಬತ್ತೇಳು ಪೌಂಡಿನ ಹಂದಿಗೆ ಈ ಪೆಟ್ಟಿಗೆ ಸಾಲದು, ನಿಮ್ಮ ಮಗಳ ಮನೆಯದರಲ್ಲಿಯೂ ಸ್ವಲ್ಪ ಎಡೆಯಿದ್ದೀತೆ ಎಂದು ಆಕೆ ನನ್ನತ್ತ ತಿರುಗಿದರು. ನಾನು ಚಾವಣಿಯನ್ನು ನೋಡಿದೆ. ಆಕೆ ಬಾಗಿಲಿಗೆ ಹೋಗಿ ಬರಿದಾದ ಗಾಡಿಯನ್ನು ಕಂಡು, “ಎಲ್ಲಿ?” ಎಂದರು.

ಆಚಾರ್ಯರು ಅಂಗೈ ಬಿಡಿಸಿದರು.