ಅಥ ಮತ್ಸ್ಯರೋಗ ಜಿಜ್ಞಾಸೆ

ವಿಷಯ: ವಾಸ್ತು ನೋಡಿ ಹಾಲ್‌ನ ಈಶಾನ್ಯ ಮೂಲೆಯಲ್ಲಿ ಸ್ಥಾಪಿಸಿದ ಅಕ್ವೇರಿಯಂನಲ್ಲಿ ಗೋಲ್ಡ್‌ಫಿಶ್ ಯಾಕೆ ಸಾಯುತ್ತದೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿಗೆ ಎಂಥ ತಿನಿಸು ಹಾಕಿ ಗಾಳಕ್ಕೆ ಬೀಳಿಸಬೇಕೆಂಬ ವಿವರ ಅಲ್ಲುಂಟು. ಇಂದಿನ ಗೃಹಸ್ಥ ದೊರೆಯನ್ನೂ ಮೀರಿಸಿದ್ದಾನೆ. ಇವನಿಗೆ ಗಾಳ ಬೇಡ, ತಿನಿಸೊಂದೇ ಸಾಕು.

ಪೂರ್ವಪಕ್ಷ: ಈ ಬಗ್ಗೆ ಮೂರು ಮತಗಳಿವೆ.

ದೃಷ್ಟಿವಾದಿಗಳ ಪ್ರಕಾರ ಮನೆಗೆ ಬರಲಿದ್ದ ಗಂಡಾಂತರವನ್ನು ಮೀನು ತನ್ನ ತಲೆಗೆ ಕಟ್ಟಿಕೊಂಡು ಹೋಯಿತು. ‘ತಿಂಗಳಲ್ಲಿ ಆರು ಸತ್ತವಲ್ಲ, ಆರು ಗಂಡಾಂತರಗಳೇ?’ ಎಂದು ಆಕ್ಷೇಪಿಸಿದರೆ, ‘ನಮ್ಮ ಗ್ರಹಚಾರ ನಿಮಗೇನು ಗೊತ್ತು?’ ಎಂಬ ಸಮಾಧಾನ ಸಿದ್ಧವಿದೆ.

ಔಷಧವಾದಿಗಳಿಗೆ ಮಿಥಿಲೀನ್ ಬ್ಲೂ ಸರ್ವರೋಗ ನಿವಾರಿಣಿ. ರೆಕ್ಕೆ ಕೊಳೆತರೂ ಹೊಟ್ಟೆ ಉಬ್ಬಿದರೂ ಅದೇ ಹನಿ. ನೀರು ಕಡುನೀಲಿಯಾಗಿ ಮೀನೇ ಕಾಣದಂತಾದಾಗ ರೋಗವೂ ಕಾಣದು. ಅದೇ ಗುಣವಾದದ್ದಕ್ಕೆ ಪ್ರಮಾಣ.

ಮಡಿವಾದಿಗಳು ಭಾನುವಾರ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಕಲ್ಲು, ಫಿಲ್ಟರ್‌ನ ಸ್ಪಂಜು ಎಲ್ಲವನ್ನೂ ಸೋಪು ಹಾಕಿ ತಿಕ್ಕಿ, ನಲ್ಲಿ ನೀರು ತುಂಬುತ್ತಾರೆ. ಸೋಮವಾರ ಮೀನು ಮೇಲ್ಮುಖವಾಗಿ ಬಾಯಿ ಬಿಡುತ್ತದೆ. ಹಸಿವಾಗಿದೆಯೆಂದು ಇನ್ನೊಂದು ಚಿಟಿಕೆ ಕಾಳು ಬೀಳುತ್ತದೆ.

ಸಿದ್ಧಾಂತ: ರೋಗಿ ಮೀನಲ್ಲ, ನೀರು. ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಉಳಿದ ಕಾಳು ಕೊಳೆತು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಸ್ಪಂಜು, ಕಲ್ಲುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಈ ವಿಷವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ಇಡಲು ಮುಹೂರ್ತಕ್ಕೆ ಕಾಯುವ ನಾವು ಬ್ಯಾಕ್ಟೀರಿಯಾಕ್ಕೆ ಕಾಯುವುದಿಲ್ಲ. ಮಡಿವಾದಿ ಪ್ರತಿ ಭಾನುವಾರ ತಿಕ್ಕಿ ಕೊಲ್ಲುವುದೂ ಇವನ್ನೇ.

ಅಪವಾದ: ಉಪ್ಪು ಉದುರಿಸಿದಂತೆ ಮೈಮೇಲೆ ಏಳುವ ಬಿಳಿ ಚುಕ್ಕಿ ಒಂದು ಪರಾವಲಂಬಿಯ ಕೆಲಸ. ಚರ್ಮದೊಳಗಿರುವಾಗ ಅದಕ್ಕೆ ಔಷಧ ತಾಗದು. ಬಲಿತು ಉದುರಿ, ತಳದಲ್ಲಿ ನೂರಾರಾಗಿ ಒಡೆದು, ಹೊಸ ಮೀನು ಹುಡುಕುತ್ತಾ ಈಜುವಾಗ ಮಾತ್ರ ಸಿಕ್ಕಿಬೀಳುತ್ತದೆ. ಆದ್ದರಿಂದ ಚುಕ್ಕಿ ಮಾಯವಾದ ದಿನವೇ ಔಷಧ ನಿಲ್ಲಿಸಿ ಪಾಯಸ ಮಾಡತಕ್ಕದ್ದಲ್ಲ.

ವಿಧಿ: ವಾರಕ್ಕೊಮ್ಮೆ ಕಾಲು ಭಾಗ ನೀರನ್ನಷ್ಟೇ ಬದಲಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಡಬೇಕು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಟ್ಟು ನೋಡಬೇಕು. ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟಿರಬೇಕು. ‘ಪಾಪ, ಹೊಟ್ಟೆ ತುಂಬಲಿ’ ಎನ್ನುವ ಅಜ್ಜಿಯರ ಗಮನಕ್ಕೆ: ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತುಂಬಲು ಅಲ್ಲಿ ಜಾಗವಿಲ್ಲ.

ಫಲಶ್ರುತಿ: ಹೀಗೆ ನಡೆದುಕೊಂಡವರ ಮನೆಯಲ್ಲಿ ಗೋಲ್ಡ್‌ಫಿಶ್ ಹತ್ತು ವರ್ಷವಾದರೂ ಬಾಳೀತು. ಅಷ್ಟೂ ಕಾಲ ಬರುವ ಗಂಡಾಂತರಗಳನ್ನು ಮನೆಯವರು ತಾವೇ ನೋಡಿಕೊಳ್ಳತಕ್ಕದ್ದು.